ಬಸ್ಸಿನಲ್ಲಿ ಕಳಿಸಿದ ಹಣ್ಣುಕಾಯಿ

ಚೌಡಮ್ಮನನ್ನು ನಂಬಿ ಬದುಕುತ್ತಿರುವ ಎಲ್ಲರಿಗೂ ಕೈಮುಗಿದು ಇದನ್ನು ಬರೆಯುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ನನ್ನ ಹೆಂಡತಿ ಸುಜಾತಾ ಹೃದಯದ ಕವಾಟ ಕೆಟ್ಟು ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿದ್ದಳು. ಅದೇ ವಾರ ನನ್ನ ಕಂಪನಿ ನನ್ನನ್ನು ಸುಳ್ಳುಗಾರ ಎಂದಿತು.

ಕಂಪನಿ ಎಂದರೆ ಸಣ್ಣದಲ್ಲ. ಸೋಪು, ಶಾಂಪೂ, ಟೂತ್‌ಪೇಸ್ಟ್ ಮಾಡಿ ಲೋಕಕ್ಕೆಲ್ಲ ಮಾರುವ ಪರದೇಶದ ಕಂಪನಿ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕು ನನ್ನ ಏರಿಯಾ. ಅಂಗಡಿ ಅಂಗಡಿಗೆ ಹೋಗಿ ಆರ್ಡರ್ ತೆಗೆದುಕೊಳ್ಳುವುದು ನನ್ನ ಕೆಲಸ. ಕಂಪನಿ ಕೊಟ್ಟ ಟ್ಯಾಬ್ ನಾನು ಎಲ್ಲಿದ್ದೇನೆ, ಎಷ್ಟು ಹೊತ್ತು ನಿಂತೆ ಎಂಬುದನ್ನೆಲ್ಲ ಮೇಲಕ್ಕೆ ಹೇಳುತ್ತಿರುತ್ತದೆ. ಆ 'ಮೇಲೆ' ಎಂಬಲ್ಲಿ ಯಾರಿದ್ದಾರೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹುಬ್ಬಳ್ಳಿಯಲ್ಲಿ ಒಬ್ಬ ಮ್ಯಾನೇಜರ್ ಇದ್ದಾರೆ, ಅವರಿಗೂ ಗೊತ್ತಿಲ್ಲ.

ಅವತ್ತು ಬೆಳಿಗ್ಗೆ ಸುಜಾತಾ ದೋಸೆ ಹುಯ್ಯುತ್ತಿದ್ದವಳು ಉಸಿರು ಸಿಗದೆ ಅಲ್ಲೇ ಕುಸಿದು ಕುಳಿತಳು. ಪಕ್ಕದ ಮನೆಯವರ ಕಾರಿನಲ್ಲಿ ಶಿವಮೊಗ್ಗಕ್ಕೆ ಹೊರಟೆವು. ದಾರಿಯಲ್ಲೇ ಮೊಬೈಲಿನಿಂದ ರಜೆ ಹಾಕಿದೆ. ಆದರೆ ಅದು ತಿಂಗಳ ಕೊನೆ. ತೀರ್ಥಹಳ್ಳಿ ಡಿಸ್ಟ್ರಿಬ್ಯೂಟರ್ ಗೋಡೌನಿನ ಸ್ಟಾಕನ್ನು ಅದೇ ಟ್ಯಾಬಿನಲ್ಲಿ ಫೋಟೋ ತೆಗೆದು ಕಳಿಸದಿದ್ದರೆ ಇಡೀ ತಿಂಗಳ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. ನಾನೇನು ಮಾಡಿದೆ? ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಕಾರು ನಿಲ್ಲಿಸಿ, ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಗಣಪಣ್ಣನ ಕೈಗೆ ಟ್ಯಾಬ್ ಕೊಟ್ಟು, "ಅಂಗಡೀಲಿ ಕೊಟ್ಬಿಡು, ಅವ್ರು ಫೋಟೋ ತೆಗೀತಾರೆ" ಎಂದೆ.

ಡಿಸ್ಟ್ರಿಬ್ಯೂಟರ್ ಸಂಬಂಧಿಕರು ಯಾರೋ ತೀರಿಕೊಂಡು ಅಂಗಡಿ ಬಾಗಿಲು ಹಾಕಿತ್ತು. ಗಣಪಣ್ಣ ಟ್ಯಾಬನ್ನು ಡ್ರೈವರ್ ಹಿಂದಿನ ಪೆಟ್ಟಿಗೆಯಲ್ಲಿಟ್ಟು ದಿನವಿಡೀ ಹೋಗಿಬಂದು ಮಾಡಿ, ಸಂಜೆ ಸಾಗರದಲ್ಲಿ ನನ್ನ ತಂಗಿಗೆ ಕೊಟ್ಟ. ನಾನು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದೆ. ಕಂಪನಿಯ ಕಣ್ಣಿಗೆ ಮಾತ್ರ ನಾನು ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಬಸ್ಸಿನಲ್ಲಿ ಸುತ್ತುತ್ತಿದ್ದೆ.

ಕೆಲವೇ ದಿನಕ್ಕೆ ಮೇಲ್ ಬಂತು. ಹೆಂಡತಿಯ ಕಾಯಿಲೆ ಎಂದು ಸುಳ್ಳು ಕಾರಣ ಕೊಟ್ಟು ರಜೆ ಪಡೆದಿದ್ದೀರಿ, ವಿಚಾರಣೆ ಮುಗಿಯುವವರೆಗೆ ಅಮಾನತು. ಕೆಳಗೆ ಸಹಿಯಿಲ್ಲ. ಉತ್ತರ ಬರೆಯಬೇಡಿ ಎಂದು ಬೇರೆ ಇತ್ತು. ಅಮಾನತಿನ ಜೊತೆಗೆ ಕಂಪನಿಯ ವಿಮೆ ಕಾರ್ಡೂ ನಿಂತುಹೋಯಿತು. ಆಪರೇಷನ್ ಆ ಕಾರ್ಡಿನ ಮೇಲೆಯೇ ನಿಗದಿಯಾಗಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ತುಂಬಾ ಮುಂದೆ ಹಾಕೋ ಹಾಗಿಲ್ಲ" ಎಂದರು.

ಆಸ್ಪತ್ರೆಯ ಕಾಗದಗಳನ್ನೆಲ್ಲ ಕಳಿಸಿದೆ. 'ನಿಮ್ಮ ದಾಖಲೆ ತಲುಪಿದೆ' ಎಂದು ಯಂತ್ರವೇ ಉತ್ತರ ಕೊಟ್ಟಿತು. ಹುಬ್ಬಳ್ಳಿಗೆ ಫೋನ್ ಮಾಡಿ ಅತ್ತೇಬಿಟ್ಟೆ. "ನನ್ನ ಕೈಯಾಗ ಏನಿಲ್ರೀ, ಸಿಸ್ಟಮ್ಮೇ ಹಂಗ ಹೇಳಾಕತ್ತೈತಿ" ಎಂದರು ಮ್ಯಾನೇಜರ್. ಊರಿನ ಅಂಗಡಿಯಲ್ಲಿ ಕೆಲಸಕ್ಕಿದ್ದಿದ್ದರೆ ಧಣಿಯ ಮನೆ ಬಾಗಿಲಿಗೆ ಹೋಗಿ ಕಾಲಾದರೂ ಹಿಡಿಯಬಹುದಿತ್ತು. ಇವರಿಗೆ ಕಾಲೂ ಇಲ್ಲ, ಬಾಗಿಲೂ ಇಲ್ಲ.

ಕೊನೆಗೆ ವಿಚಾರಣೆಯ ಅಧಿಕಾರಿಯೊಬ್ಬರು ಬೆಂಗಳೂರಿನಿಂದ ಫೋನ್ ಮಾಡಿದರು. ನಡೆದದ್ದನ್ನು ಹೇಳಿದೆ.

"ಕಂಪನಿ ಟ್ಯಾಬನ್ನ ಬಸ್ ಕಂಡಕ್ಟರ್ ಕೈಗೆ ಕೊಟ್ರಾ? ರಸೀದಿ ಇದೆಯಾ?"

"ರಸೀದಿ ಎಲ್ಲಾ ಕೊಡಲ್ಲ ಸಾರ್. ನಮ್ಮ ಕಡೆ ಹೀಗೇ ಕಳ್ಸೋದು."

"ನೋಡಿ, ಹೆಂಡತಿ ಆಸ್ಪತ್ರೇಲಿ ಇರಬಹುದು. ನೀವು ಅಲ್ಲಿದ್ರಿ ಅನ್ನೋದಕ್ಕೆ ಏನು? ಈ ಬಸ್ಸಿನ ಕಥೆ ಯಾರು ನಂಬ್ತಾರೆ ಹೇಳಿ" ಎಂದು ಅವರು ಫೋನ್ ಇಟ್ಟರು.

ಸುಜಾತಾ ಮಂಚದ ಮೇಲಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. "ನಂಗೆ ನಿಜವಾಗ್ಲೂ ಹುಷಾರಿಲ್ಲ, ನೀವು ಜೊತೇಲೇ ಇದ್ರಿ ಅಂತ ನಾನೇ ಫೋನ್ ಮಾಡಿ ಹೇಳ್ಲಾ?" ಎಂದಳು. ಅಷ್ಟು ಹೇಳುವುದಕ್ಕೂ ಅವಳಿಗೆ ಉಸಿರು ಸಾಲಲಿಲ್ಲ. ನಾನು ಹೊರಗೆ ಬಂದು ಕಾರಿಡಾರಿನ ಕಿಟಕಿ ಹಿಡಿದುಕೊಂಡು ನಿಂತೆ. ಅವಳು ಹೋಗಿಬಿಡುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು. ಹೊಸನಗರ ದಾಟಿದ ಮೇಲೆ ಕಾಡಿನ ತಿರುವಿನಲ್ಲಿರುವ ನಮ್ಮ ಚೌಡಮ್ಮನನ್ನು ನೆನೆದು ಬೈದೆ. ಹೌದು, ಬೇಡಲಿಲ್ಲ, ಬೈದೆ. "ಅವರಂತೂ ಉತ್ತರ ಕೊಡಲ್ಲ, ನೀನೂ ಹಂಗೇ ಕೂತ್ಯಾ? ನಾನು ಸುಳ್ಳು ಹೇಳ್ದೋನಾ? ನೀನೇ ಹೇಳು" ಎಂದೆ.

ಸುಜಾತಾಳನ್ನು ಬಿಟ್ಟು ಚೌಡಮ್ಮ ತಾಯಿಯ ಹತ್ತಿರ ಹೋಗುವ ಹಾಗಿರಲಿಲ್ಲ. ಸಾಗರಕ್ಕೆ ತಂಗಿಗೆ ಫೋನ್ ಮಾಡಿ, "ನಾಳೆ ಶುಕ್ರವಾರ, ಗಣಪಣ್ಣನ ಬಸ್ಸಲ್ಲಿ ಹಣ್ಣುಕಾಯಿ ಕಳ್ಸೇ" ಎಂದೆ. ನನ್ನಿಂದ ಆಗುವುದು ಅಷ್ಟೇ ಉಳಿದಿತ್ತು.

ಮುಂದಿನದ್ದು ಗಣಪಣ್ಣ ಹೇಳಿದ್ದು. ಶುಕ್ರವಾರ ಆ ಅಧಿಕಾರಿಯೇ ತೀರ್ಥಹಳ್ಳಿ ಗೋಡೌನ್ ನೋಡಲು ಸಾಗರದಿಂದ ಬಾಡಿಗೆ ಕಾರಿನಲ್ಲಿ ಹೊರಟಿದ್ದರಂತೆ. ಹೊಸನಗರದಲ್ಲಿ ಕಾರು ಕೆಟ್ಟು ನಿಂತಿತು. ಮಳೆಯಲ್ಲಿ ಬೇರೆ ಗಾಡಿ ಸಿಗದೆ, ಹಿಂದಿನಿಂದ ಬಂದ ಗಣಪಣ್ಣನ ಬಸ್ ಹತ್ತಿದರು. ಮುಂದಿನ ಸೀಟು ಸಿಕ್ಕಿತು. ಕಾಲ ಬುಡದಲ್ಲಿ ಯಾರದೋ ಮಿಕ್ಸಿ ಜಾರು, ಯಾರಿಗೋ ಔಷಧಿ, ರಿಪೇರಿಯಾದ ಒಂದು ಕನ್ನಡಕ. ಬಸ್ ನಿಂತಲ್ಲೆಲ್ಲ ಒಬ್ಬರು ಬಂದು ಕೈಚಾಚಿ ತಮ್ಮದನ್ನು ತೆಗೆದುಕೊಂಡು ಹೋಗುತ್ತಿದ್ದರು.

ಕಾಡಿನ ತಿರುವಿನಲ್ಲಿ ಯಾರೂ ಇಳಿಯುವವರಿಲ್ಲದೆಯೂ ಬಸ್ ನಿಂತಿತು. ಗಣಪಣ್ಣ ಚೀಲ ಹಿಡಿದು ಬಾಗಿಲಲ್ಲೇ ನಿಂತು ಕೂಗಿದ: "ಪೂಜಾರ್ರೇ, ಸಾಗರದ ಸುಜಾತಕ್ಕನ ಹೆಸ್ರಲ್ಲಿ ಪೂಜೆ ಮಾಡಿ. ಆಪರೇಷನ್ ನಿಂತೋಗಿದ್ಯಂತೆ ಪಾಪ. ವಾಪಸ್ ಬರ್ತಾ ಪ್ರಸಾದ ತಗೊಂಡು ಹೋಗ್ತೀನಿ."

ಆ ಹೆಸರು ಕೇಳಿ ಅಧಿಕಾರಿ ತಿರುಗಿ ನೋಡಿದರು. "ಇದನ್ನ ಕಳಿಸಿದವರಿಗೆ ರಸೀದಿ ಕೊಟ್ರಾ?"

"ಚೌಡಮ್ಮಂಗೆ ಕಳ್ಸೋ ಹಣ್ಣುಕಾಯಿಗೆ ಯಾರು ಸಾರ್ ರಸೀದಿ ಕೇಳ್ತಾರೆ?" ಎಂದು ಗಣಪಣ್ಣ ನಕ್ಕ. ಬಸ್ಸಿನವರೂ ನಕ್ಕರು.

ಅಧಿಕಾರಿ ನಗಲಿಲ್ಲ. ತಾನು ಯಾರೆಂದು ಹೇಳಿ, ಟ್ಯಾಬಿನ ವಿಷಯ ಕೇಳಿದರು. "ಹೌದು ಸಾರ್, ಡ್ರೈವರ್ ಹಿಂದಿರೋ ಆ ಪೆಟ್ಟಿಗೇಲೇ ಇಟ್ಟಿದ್ದೆ. ಅಂಗಡಿ ಬಾಗ್ಲು ಹಾಕಿತ್ತು. ಆವತ್ತು ಆಯಕ್ಕನ್ನ ಕಾರಲ್ಲಿ ಮಲಗ್ಸಿದ್ರು, ಮುಖ ನೋಡಕ್ಕಾಗ್ತಿರ್ಲಿಲ್ಲ" ಎಂದ ಗಣಪಣ್ಣ. ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಅಧಿಕಾರಿ ಅದನ್ನೆಲ್ಲ ತಮ್ಮ ಫೋನಿನಲ್ಲಿ ಬರೆದುಕೊಂಡರಂತೆ.

ಸೋಮವಾರ ವಿಮೆ ಕಾರ್ಡ್ ಮತ್ತೆ ಚಾಲೂ ಆಯಿತು. ಅದೇ ವಾರ ಆಪರೇಷನ್ ಆಯಿತು. ಕಂಪನಿಯಿಂದ 'ಪ್ರಕರಣ ಮುಕ್ತಾಯವಾಗಿದೆ' ಎಂಬ ಒಂದು ಸಾಲು ಬಂತು. ಅದಕ್ಕೂ ಸಹಿಯಿಲ್ಲ. ನಾನು ಈಗಲೂ ಅಲ್ಲೇ ಕೆಲಸ ಮಾಡುತ್ತಿದ್ದೇನೆ, ಹೊಟ್ಟೆಪಾಡು. ಕಾಕತಾಳೀಯ ಎನ್ನುವವರು ಅನ್ನಲಿ, ನಾನು ಜಗಳಕ್ಕೆ ಹೋಗುವುದಿಲ್ಲ. ಅಷ್ಟು ದೊಡ್ಡ ಕಂಪನಿಯಲ್ಲಿ ನನ್ನ ಮಾತು ನಂಬುವವರು ಒಬ್ಬರೂ ಇರಲಿಲ್ಲ. ತಾಯಿ ಒಬ್ಬರನ್ನು ಬಸ್ ಹತ್ತಿಸಿ ತನ್ನ ಬಾಗಿಲಿಗೇ ಕರೆಸಿಕೊಂಡಳು.

ಡಾಕ್ಟರು ಓಡಾಡಬಹುದು ಎಂದ ಮೇಲೆ ಇಬ್ಬರೂ ಗಣಪಣ್ಣನ ಬಸ್ಸಿನಲ್ಲೇ ಹೋದೆವು. ತಿರುವಿನಲ್ಲಿ ಇಳಿದು, "ನೀವು ಹೊರಡಿ, ಇವ್ಳಿಗೆ ಮೆಟ್ಲು ಹತ್ತೋಕೆ ಹೊತ್ತಾಗತ್ತೆ" ಎಂದೆ. ಗಣಪಣ್ಣ ಕೇಳಲಿಲ್ಲ. ಡ್ರೈವರ್ ಇಂಜಿನ್ ಆಫ್ ಮಾಡಿದ. ಸುಜಾತಾ ಒಂದೊಂದೇ ಮೆಟ್ಟಿಲು ಹತ್ತಿ, ನಿಂತು ಸುಧಾರಿಸಿಕೊಂಡು, ಮತ್ತೆ ಹತ್ತಿ ತಾಯಿಗೆ ಕೈಮುಗಿದಳು. ನನಗೆ ಬೇಡಿಕೊಳ್ಳಲು ಏನೂ ತೋಚಲಿಲ್ಲ, ಸುಮ್ಮನೆ ಅತ್ತೆ. ನಾವು ಇಳಿದು ಬರುವವರೆಗೂ ಬಸ್ಸಿನ ತುಂಬಾ ಇದ್ದ ಜನ ಒಬ್ಬರೂ ಗೊಣಗದೆ ಕಾದಿದ್ದರು.