ಊರಿಗೊಂದೇ ನಂಬರು

ದಾಂಡೇಲಿಯ ಅಂಬೇವಾಡಿಯಲ್ಲಿ, ನದಿದಂಡೆಯ ರೆಸಾರ್ಟುಗಳಿಗೆ ಕೆಲಸದವರನ್ನು ಒದಗಿಸುವ ಗುತ್ತಿಗೆದಾರರೊಬ್ಬರ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಹೋದ ಮಳೆಗಾಲ ಮುಗಿದ ಮೇಲೆ ಹುಬ್ಬಳ್ಳಿಯಿಂದ ಹೊಸ ಸಾಫ್ಟ್‌ವೇರ್ ಬಂತು. ಒಂದು ಸಂಗತಿ ನಡೆದರೆ ಸಾಕು, ಮುಂದಿನದನ್ನು ಅದು ತಾನೇ ಮಾಡುತ್ತದೆ. ಯಾರಾದರೂ ಕೆಲಸ ಬಿಟ್ಟರೆ ಅವರ ಮೊಬೈಲ್ ನಂಬರು ಹುಡುಕಿ ಆ ನಂಬರಿನ ಕೆಲಸದ ಖಾತೆ ಮುಚ್ಚುತ್ತದೆ. ಖಾತೆ ಮುಚ್ಚಿತೆಂದರೆ, ಕಾಯುತ್ತಿರುವವರಲ್ಲಿ ಒಬ್ಬರನ್ನು ಆ ಜಾಗಕ್ಕೆ ಕರೆಯುತ್ತದೆ.

ನಂಬರು ನೋಡಿ ಮನುಷ್ಯರನ್ನು ಗುರುತಿಸಬೇಡಿ ಎಂದು ನಾನು ಬಾಯಿ ಬಡಿದುಕೊಂಡೆ. ಜೋಯಿಡಾ ಕಡೆಯ ಎಷ್ಟೋ ಹಳ್ಳಿಗಳಲ್ಲಿ ರೇಂಜು ಸಿಗುವುದು ಯಾವುದೋ ಒಂದು ಮನೆಯಂಗಳದಲ್ಲಿ. ಕೆಲಸಕ್ಕೆ ಬರುವವರೆಲ್ಲ ಆ ಮನೆಯ ನಂಬರನ್ನೇ ಬರೆಸುತ್ತಾರೆ.

"ಈಗಿನ ಕಾಲದಾಗ ಸ್ವಂತ ನಂಬರ್ ಇಲ್ದವ್ರು ಯಾರ್ ಅದಾರ್ರೀ?" ಎಂದು ಹುಬ್ಬಳ್ಳಿಯವರು ನಕ್ಕರು. ಸಂಬಳ ಕೊಡುವ ಗುತ್ತಿಗೆದಾರರೂ ನಕ್ಕರು.

ಒಬ್ಬ ತೋಟದ ಕೆಲಸದವನು ಗೋವಾಕ್ಕೆ ಹೋಗುತ್ತೇನೆಂದು ಬಿಟ್ಟ. ಅವನ ಖಾತೆಯ ಜೊತೆಗೆ, ಅದೇ ನಂಬರು ಬರೆಸಿದ್ದ ಅವನ ಹಳ್ಳಿಯ ಅಷ್ಟೂ ಜನರ ಖಾತೆ ಮುಚ್ಚಿಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನಾನು ಕಣ್ಣಾಡಿಸುವಷ್ಟರಲ್ಲಿ ಅವರ ಜಾಗಗಳಿಗೆ ಹಳಿಯಾಳ, ಮುಂಡಗೋಡದವರು ಹೊರಟು ಬಂದಿದ್ದರು.

ಮರುದಿನ, ಪಾತ್ರೆ ತೊಳೆಯುವ ಅದೇ ಹಳ್ಳಿಯ ಸಿದ್ದಿ ಹೆಂಗಸೊಬ್ಬಳು ಕಚೇರಿಗೆ ಬಂದಳು. ರೆಸಾರ್ಟಿನ ಗೇಟಿನಲ್ಲೇ ತಡೆದಿದ್ದರಂತೆ. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

"ನಾ ಕೆಲಸ ಬಿಟ್ಟಿಲ್ರೀ ಸಾಹೇಬ್ರ. ಬಿಟ್ರ ತಿನ್ನೂದೇನು?"

ಗುತ್ತಿಗೆದಾರರ ಬಳಿ ಹೋದೆ. "ಅದು ಕಂಪ್ಯೂಟರ್ ಮಾಡಿದ್ದು, ನಾ ಏನ್ ಮಾಡ್ಲಿ? ಬಂದವ್ರನ್ನ ಹೊರಗ ಹಾಕಾಕ ಆಗ್ತೈತೇನು?" ಎಂದರು. ನನಗೆ ಮೈಯೆಲ್ಲ ಉರಿಯಿತು. ಬೈಯಬೇಕೆಂದರೆ ಯಾರನ್ನು ಬೈಯುವುದು? ಬಂದವರೂ ಹೊಟ್ಟೆಗಿಲ್ಲದೆ ಬಂದವರೇ.

ಹಳೆಯ ನಂಬರು ಕೆಲಸ ಬಿಟ್ಟವರದೆಂದು ದಾಖಲಾಗಿತ್ತು; ಅದರಲ್ಲಿ ಖಾತೆ ತೆರೆದರೆ ಸಾಫ್ಟ್‌ವೇರ್ ಮತ್ತೆ ಮುಚ್ಚುತ್ತಿತ್ತು. ಹಾಗಾಗಿ ನನ್ನ ಸ್ವಂತ ನಂಬರು ಹಾಕಿ ಅವಳ ಹೆಸರು ಹೊಸದಾಗಿ ಸೇರಿಸಿದೆ. ಅವಳು ಎದುರಿನ ಬೆಂಚಿನ ಮೇಲೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು.

"ಆತೇನ್ರಿ?"

"ಆತು, ನಾಳೆಯಿಂದ ಹೋಗ್ರಿ. ನಿಮ್ಮ ಮೆಸೇಜ್ ಇನ್ನ ನನ್ನ ಮೊಬೈಲಿಗೇ ಬರ್ತೈತಿ" ಎಂದೆ. ಅವಳ ಮುಖ ಅರಳಿತು. ಅಷ್ಟರಲ್ಲಿ ನನ್ನ ಜೇಬಿನ ಮೊಬೈಲ್ ಸದ್ದು ಮಾಡಿತು. ಜಾಗ ಭರ್ತಿಯಾಗಿದ್ದರೆ ಕೊನೆಗೆ ಸೇರಿದವರನ್ನು ತೆಗೆದುಹಾಕುವಂತೆಯೂ ಹುಬ್ಬಳ್ಳಿಯವರು ಬರೆದಿಟ್ಟಿದ್ದರು. ಸಂದೇಶದಲ್ಲಿ ಅವಳ ಹೆಸರಿತ್ತು. ಇಂದಿಗೆ ಕೆಲಸ ಮುಗಿದಿದೆ, ಧನ್ಯವಾದಗಳು ಎಂದಿತ್ತು.

ಅವಳು ಎದ್ದು ಹತ್ತಿರ ಬಂದಳು.

"ನನಗ ಬಂದದ್ದೇನ್ರಿ ಅದು? ನನಗ ಓದಾಕ ಬರೂದಿಲ್ಲ, ನೀವ ಓದ್ರಿ."