ಬಾಗಿಲ ಮುಂದಿನ ಅವರೆ ಸಿಪ್ಪೆ

ಅಮ್ಮನಿಂದ ನನಗೆ ಬಂದದ್ದು ಮೂಗಿನ ತುದಿಯ ಕೋಪ, ಮತ್ತೆ ಯಾರ ಮುಂದೆಯೂ ಬಾಯಿಬಿಟ್ಟು ಏನನ್ನೂ ಕೇಳದ ಹಟ. ಅವಳ ಉದ್ದ ಜಡೆ, ಒಳ್ಳೆಯ ಕಂಠ ಅವಳ ಜೊತೆಗೇ ಹೋದವು. ಮದುವೆ ಬೇಡವೆಂದ ಮಗಳಿಗೆ ಇವೆರಡೇ ಸಾಕು ಎಂದುಕೊಂಡಳೋ ಏನೋ. ಶಿಡ್ಲಘಟ್ಟದ ಈ ಮನೆಯಲ್ಲಿ ಆಗ ಇಬ್ಬರು ಜಗಳಗಂಟಿಯರಿದ್ದೆವು, ಈಗ ಒಬ್ಬಳೇ. ಜಗಳಕ್ಕೂ ಎದುರಿಗೊಬ್ಬರು ಬೇಕಲ್ಲ! ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಪಾಠ ಮುಗಿಸಿ, ಸಂಜೆ ಬಸ್ಸಿಳಿದು ಬಂದು ಬೀಗ ತೆಗೆದರೆ ಬೆಳಿಗ್ಗೆ ಕಾಫಿ ಕುಡಿದಿಟ್ಟ ಲೋಟ ಅಲ್ಲೇ ಇರುತ್ತದೆ. "ಇದನ್ನ ಯಾರಮ್ಮ ತೊಳೀಬೇಕು?" ಎಂದು ಕೇಳುವವರಿಲ್ಲ.

ಅವರೆಕಾಯಿ ಕಾಲದಲ್ಲಿ ಈ ಮನೆ ತುಂಬಿರುತ್ತಿತ್ತು. ಅಮ್ಮ ಸಂತೆಯಲ್ಲಿ ಒಂದು ಕಾಯಿ ಮುರಿದು ಮೂಸುವಳು. ಸೊಗಡಿಲ್ಲದಿದ್ದರೆ ಮಾತಿಲ್ಲದೆ ಮುಂದಿನ ರಾಶಿಗೆ ಹೋಗುವಳು. ಸೊಗಡಿದ್ದರೆ ಚೀಲ ಹರಿಯುವಷ್ಟು ತರುವಳು. ಇಬ್ಬರಿಗೆ ಇಷ್ಟು ಯಾಕೆ ಎಂದರೆ, "ನೀನ್ ಸುಮ್ನಿರಮ್ಮ" ಅನ್ನುವಳು. ಕಾಯಿ ಬಿಡಿಸಿ, ಕಾಳನ್ನು ರಾತ್ರಿಯಿಡೀ ನೆನೆಹಾಕಿ, ಮರುದಿನ ಒಂದೊಂದೇ ಕಾಳನ್ನು ಬೆರಳಲ್ಲಿ ಹಿತುಕಿ ಬೇಳೆ ತೆಗೆಯಬೇಕು. ಅದು ಒಬ್ಬರ ಕೈಯಲ್ಲಿ ಮುಗಿಯುವ ಕೆಲಸವಲ್ಲ.

ಬಿಡಿಸಿದ ಸಿಪ್ಪೆಯನ್ನು ಅಮ್ಮ ಬಾಗಿಲ ಮುಂದೆ ರಸ್ತೆಗೆ ಸುರಿಯುತ್ತಿದ್ದಳು. "ನಾಲ್ಕ್ ಜನ ತುಳಿದ್ರೇನೇ ಸಾರಿಗೆ ರುಚಿ ಬರೋದು" ಅನ್ನುವಳು. ಟೀಚರ್ ಮನೆ ಮುಂದೆಯೇ ಕಸವೆಂದು ನನಗೆ ಸಿಟ್ಟು. ಪೊರಕೆ ಹಿಡಿದು ಹೊರಟರೆ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು. ಮರುದಿನ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಪಾತ್ರೆಯ ಸುತ್ತ ಕೂರುವರು. ಎದುರು ಮನೆಯವಳು ಎಲ್ಲರಿಗಿಂತ ಮೊದಲು. ಅವಳು ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುವವಳು, ಬೆರಳು ಚುರುಕು. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಊರಿನ ಸುದ್ದಿಯೆಲ್ಲ ಮುಗಿಯುತ್ತಿತ್ತು. ನಡುನಡುವೆ ಅಮ್ಮ, "ಬೇಳೆ ಜಜ್ಜಬೇಡ, ಮಾತಾಡಿದ್ದು ಸಾಕು ಕಣೇ" ಎಂದು ಗದರುವಳು. ಯಾರಿಗೂ ಬೇಸರವಿಲ್ಲ. ಅಮ್ಮ ಯಾರನ್ನಾದರೂ ಕರೆದದ್ದನ್ನು ನಾನು ಕಂಡಿಲ್ಲ. ಅವಳ ಮೇಲಿನ ಪ್ರೀತಿಗೆ ಅವರಾಗಿಯೇ ಬರುತ್ತಾರೆ ಎಂದುಕೊಂಡಿದ್ದೆ.

ಅವಳು ಹೋದ ಮೇಲೆ ಯಾರೂ ಬರಲಿಲ್ಲ. ಸರಿ, ಆ ಪ್ರೀತಿ ಅವಳ ಪಾಲಿನದು, ನನಗೇಕೆ ಬಂದೀತು ಎಂದುಕೊಂಡೆ. ಕಳೆದ ವರ್ಷ ಅಂಗಡಿಯಿಂದ ಹಿತುಕಿದ ಬೇಳೆಯನ್ನೇ ಚೂರು ತಂದು ಸಾರು ಮಾಡಿ, ಒಲೆಯ ಪಕ್ಕದಲ್ಲಿ ನಿಂತೇ ಮುದ್ದೆ ನುಂಗಿದ್ದೆ.

ಈ ವರ್ಷ ಸಂತೆಯಲ್ಲಿ ಕೈ ತಾನಾಗಿಯೇ ಒಂದು ಕಾಯಿ ಮುರಿದು ಮೂಗಿಗೆ ಹಿಡಿಯಿತು. ಒಳ್ಳೆ ಸೊಗಡು. ಆಮೇಲೆ ಏನಾಯಿತೋ, ಮನೆಗೆ ಬಂದು ಚೀಲ ಇಳಿಸಿದಾಗಲೇ ಗೊತ್ತಾದದ್ದು, ಅಮ್ಮ ತರುತ್ತಿದ್ದಷ್ಟೇ ತಂದಿದ್ದೆ. ಶನಿವಾರವೆಲ್ಲ ಬಿಡಿಸಿದೆ. ಕಸದ ಬುಟ್ಟಿ ತುಂಬಿ ಸಿಪ್ಪೆ ಮಿಕ್ಕಿತು. ಆಚೀಚೆ ನೋಡಿ, ಕಳ್ಳಿಯ ಹಾಗೆ ರಸ್ತೆಗೆ ಸುರಿದು ಒಳಗೆ ಬಂದೆ.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದಿಟ್ಟು, ನೆನೆದ ಕಾಳಿನ ಮುಂದೆ ಕೂತೆ. ಹಾಲಿನವನ ಬೈಕು ಸಿಪ್ಪೆಯ ಮೇಲೆ ಹಾದುಹೋಯಿತು. ಫೋನಿನಲ್ಲಿ ಮಾತಾಡುತ್ತ ಯಾರೋ ತುಳಿದುಕೊಂಡು ಹೋದರು. ಹಿತುಕಿ ಹಿತುಕಿ ಬೆರಳು ಸೋತರೂ ಬೇಳೆ ಪಾತ್ರೆಯ ತಳ ಮುಚ್ಚಿರಲಿಲ್ಲ. ಅಮ್ಮನನ್ನು ಮಣ್ಣು ಮಾಡಿ ಬಂದ ದಿನವೂ ನಾನು ಇಷ್ಟು ಒಂಟಿಯಾಗಿರಲಿಲ್ಲ, ಆಗ ಮನೆ ತುಂಬ ನೆಂಟರಿದ್ದರು. ಎದುರು ಮನೆಯ ಬಾಗಿಲು ಕೂತಲ್ಲಿಂದಲೇ ಕಾಣುತ್ತಿತ್ತು. ಒಂದು ಸಲ ಕೂಗಿದರೆ ಸಾಕಿತ್ತು, ಬಾಯಿ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಎದುರು ಮನೆಯವಳೇ ಬಂದು ಹೊಸ್ತಿಲಾಚೆ ನಿಂತಳು. ಚಪ್ಪಲಿಗೆ ಒಂದು ಸಿಪ್ಪೆ ಅಂಟಿಕೊಂಡಿತ್ತು.

"ಅವರೆಕಾಯಿ ತಂದ್ರಾ ಅಕ್ಕಾ?"

"ಹೂಂ."

"ಅಮ್ಮ ಹೋದ್ಮೇಲೆ ನಿಮ್ಮ ಬಾಗ್ಲಲ್ಲಿ ಸಿಪ್ಪೆನೇ ಬೀಳ್ಲಿಲ್ಲ. ಸಿಪ್ಪೆ ನೋಡ್ಕೊಂಡೇ ಅಲ್ವಾ ನಾವು ಬರ್ತಿದ್ದದ್ದು. ನಿಮಗೆ ಜನ ಬಂದ್ರೆ ಆಗಲ್ಲ ಅಂದ್ಕೊಂಡ್ವಿ."

ಅಮ್ಮ ಪ್ರತಿ ವರ್ಷವೂ ಕರೆಯುತ್ತಿದ್ದಳು. ಬಾಯಿಬಿಟ್ಟು ಕೇಳಲಾರದವಳು ರಸ್ತೆಗೆ ಸಿಪ್ಪೆ ಸುರಿದು ಕರೆಯುತ್ತಿದ್ದಳು. ನಾನು ಅದನ್ನೇ ಗುಡಿಸಲು ಹೋಗುತ್ತಿದ್ದೆ.

ಎದುರು ಮನೆಯವಳು ಇನ್ನೂ ಹೊರಗೇ ನಿಂತಿದ್ದಳು. ಬಾ ಅನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ನಿಂತ್ಕೊಂಡು ಏನೇ ನೋಡ್ತೀಯಾ? ಕೈ ತೊಳ್ಕೊಂಡು ಬಂದು ಕೂತ್ಕೋಬಾರ್ದಾ?"

"ಅಯ್ಯೋ, ಥೇಟ್ ಅಮ್ಮನೇ!" ಎಂದು ನಗುತ್ತ ಚಪ್ಪಲಿ ಬಿಟ್ಟು ಒಳಗೆ ಬಂದಳು. ನನಗೆ ಅಳು ಬಂದುಬಿಟ್ಟಿತು. ಹಿತುಕುವಾಗ ಕಾಳಿನ ನೀರು ಕಣ್ಣಿಗೆ ಸಿಡಿಯುವುದುಂಟು, ಅದೇ ಇರಬೇಕೆಂದು ಅವಳು ತಿಳಿಯಲಿ ಎಂದು ತಲೆ ತಗ್ಗಿಸಿ, ಪಾತ್ರೆಯನ್ನು ಅವಳ ಕಡೆಗೆ ಸರಿಸಿದೆ.