ಹೆಣ್ಣು ನೋಡಲು ಬಂದವರ ಕಾರು

ಎದೆ ಅನ್ನುವುದೊಂದು ಒಳಗೆ ಬಡಿಯುತ್ತಿರುತ್ತದೆ ಎಂದು ನನಗೆ ಗೊತ್ತಾಗಿದ್ದು ಅದು ತಪ್ಪಿ ಬಡಿಯಲು ಶುರುವಾದ ಮೇಲೆ. ಎಂಬತ್ತನೇ ಇಸವಿಯ ಆಚೀಚೆಯ ಮಾತು. ನಮ್ಮ ಮಗಳು ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದಳು. ಹಗರಿಬೊಮ್ಮನಹಳ್ಳಿಯಲ್ಲಿ ಮಾವನವರದು ಶೇಂಗಾ ವ್ಯಾಪಾರ, ನಮ್ಮ ಯಜಮಾನರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಮಗು. ಜೊತೆಗೆ ಯಜಮಾನರ ತಂಗಿ, ನನ್ನ ನಾದಿನಿ. ಆಗಷ್ಟೇ ಪಿಯುಸಿ ಮುಗಿಸಿದ್ದಳು.

ಮೊದಲ ಸಲ ಆಗಿದ್ದು ಬೋರಿಂಗಿನ ಹತ್ತಿರ. ನೀರು ಹೊಡೆದು, ಕೊಡ ಸೊಂಟಕ್ಕಿಟ್ಟು ಎದ್ದೆ. ಮಿಲ್ಲಿನಲ್ಲಿ ಪಟ್ಟಿ ಜಾರಿದಾಗ ಗಾಲಿ ಒಮ್ಮೆ ಜೋರಾಗಿ, ಒಮ್ಮೆ ನಿಂತು ನಿಂತು ತಿರುಗುತ್ತದಲ್ಲ, ಹಾಗೆ ಎದೆ ತಿರುಗಿತು. ಕೊಡ ಇಳಿಸಿ ನಿಂತೆ. ಸ್ವಲ್ಪ ಹೊತ್ತಿಗೆ ತಾನೇ ಸರಿಹೋಯಿತು. ಆಮೇಲೆ ವಾರಕ್ಕೊಂದು ಸಲ, ಎರಡು ಸಲ ಬರತೊಡಗಿತು. ಅತ್ತೆಗೆ ಹೇಳಿದೆ. "ವಾಯು ಹಿಡಿದಿರಬೇಕು ಬಿಡು ಯವ್ವಾ," ಎಂದು ಅಜವಾನ, ಬೆಲ್ಲ ಕುದಿಸಿ ಕೊಟ್ಟರು. ಕುಡಿದ ಮೇಲೆ ತೇಗು ಬಂತು, ಎದೆಯ ಓಟವೂ ನಿಂತಿತು. ವಾಯುವೇ ಎಂದು ಇಬ್ಬರೂ ನಂಬಿದೆವು.

ಒಂದು ದಿನ ಮಾತ್ರ ಅದು ಮಧ್ಯಾಹ್ನ ಹಿಡಿದದ್ದು ದೀಪ ಹಚ್ಚುವ ತನಕ ಬಿಡಲಿಲ್ಲ. ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ. ಇದು ಅಜವಾನದ ಕೆಲಸವಲ್ಲ ಎಂದು ಆವತ್ತು ಒಳಗೆ ತಿಳಿಯಿತು. ದವಾಖಾನೆ ನಮ್ಮ ಮನೆಯಿಂದ ದೂರವಿರಲಿಲ್ಲ. ಆದರೆ ಮುಂದಿನ ವಾರ ನಾದಿನಿಯನ್ನು ನೋಡಲು ಹರಪನಹಳ್ಳಿಯಿಂದ ಬರುವವರಿದ್ದರು. ಹುಡುಗ ಶಾಲೆ ಮಾಸ್ತರ. ಅವನನ್ನು ನಾದಿನಿ ಒಂದು ಮದುವೆಯಲ್ಲಿ ನೋಡಿದ್ದಳು. ನೋಡಿದ್ದೆ ಎಂದು ನನ್ನ ಹತ್ತಿರ ಮಾತ್ರ ಹೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ನಾನು ದವಾಖಾನೆಯ ಬೆಂಚಿನ ಮೇಲೆ ಕೂತದ್ದನ್ನು ಊರಿನ ಒಬ್ಬರು ನೋಡಿದರೂ ಸಾಕಿತ್ತು, ಆ ಮನೆಯ ಸೊಸೆಗೆ ಏನೋ ಬೇನೆ ಐತಂತೆ ಎಂಬ ಮಾತು ನನಗಿಂತ ಮೊದಲು ಬಸ್ಸು ಹತ್ತಿ ಹರಪನಹಳ್ಳಿ ಮುಟ್ಟುತ್ತಿತ್ತು. ಅವರು ಬಂದು ಹೋಗಲಿ, ಆಮೇಲೆ ತೋರಿಸಿದರಾಯಿತು ಎಂದುಕೊಂಡೆ. ಅವಳಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ.

ಬರುವ ದಿನ ಬೆಳಗ್ಗೆ ಮನೆ ಸಾರಿಸಿ, ಪಡಸಾಲೆಗೆ ಜಮಖಾನೆ ಹಾಸಿದೆವು. ಉಪ್ಪಿಟ್ಟಿಗೆ ರವೆ ಹುರಿಯುತ್ತಿರುವಾಗಲೇ ಎದೆ ತಪ್ಪಿ ಬಡಿಯಲು ಶುರುವಾಯಿತು. ನಿಲ್ಲುತ್ತದೆ ಎಂದು ಕಾದೆ. ಶಿರಾಕ್ಕೆ ತುಪ್ಪ ಹಾಕುವ ಹೊತ್ತಿಗೂ ನಿಂತಿರಲಿಲ್ಲ. ಒಲೆಯ ಮುಂದೆ ಕೂತಿದ್ದರೂ ಹಣೆಯ ಮೇಲೆ ಬಂದದ್ದು ತಣ್ಣನೆಯ ಬೆವರು. ನಾದಿನಿ ಹಸಿರು ಸೀರೆ ಉಟ್ಟು ಬಾಗಿಲಲ್ಲಿ ಬಂದು ನಿಂತಳು.

"ಹೆಂಗ ಕಾಣಸ್ತೀನಿ ಅತ್ತಿಗಿ?" ಎಂದವಳು ನನ್ನ ಮುಖ ನೋಡಿ, "ಯಾಕ? ಏನಾಗೇತಿ ನಿನಗ? ತುಟಿ ಕಪ್ಪಾಗ್ಯಾವು," ಎಂದಳು.

"ಒಲಿ ಝಳಕ್ಕ. ನೀ ಹೋಗು, ಕರಿತಾರ ಈಗ."

ಹೊರಗೆ ಕಾರು ನಿಂತ ಸದ್ದಾಯಿತು. ಬಾಡಿಗೆಯ ಅಂಬಾಸಿಡರು. ಹುಡುಗ, ಅವನ ಅಪ್ಪ ಅವ್ವ, ಒಬ್ಬ ಸೋದರಮಾವ. ಕೈಕಾಲಿಗೆ ನೀರು ಕೊಟ್ಟು ಕೂರಿಸಿದರು. ನಾದಿನಿ ಹೋಗಿ ಹಿರಿಯರ ಕಾಲಿಗೆ ಬಿದ್ದು ಕೂತಳು. ನಾನು ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು, ಬಾಯಿಂದ ಉಸಿರು ಎಳೆಯುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಹುಡುಗನ ದನಿ ಮೆತ್ತಗಿತ್ತು.

"ಮುಂದ ಏನು ಓದಬೇಕು ಅಂತೀರಿ?"

ಹೆಣ್ಣು ನೋಡಲು ಬಂದವರು ಕೇಳುವ ಮಾತಲ್ಲ ಅದು. ನಾದಿನಿ, "ಟೀಚರ್ ಟ್ರೇನಿಂಗ್ ಮಾಡಬೇಕು ಅಂತ ಐತ್ರಿ," ಎಂದಳು.

"ಮಾಡಬಹುದಲ್ಲ. ಅದಕ್ಕೇನು," ಎಂದ ಅವನು.

ನನಗೆ ಅಷ್ಟು ಸಂಕಟದಲ್ಲೂ ನಗು ಬಂತು. ಚಹಾ ಒಯ್ಯೋಣವೆಂದು ತಟ್ಟೆ ಎತ್ತಿಕೊಂಡು ಎದ್ದೆ. ಬಾಗಿಲಿನ ಚೌಕಟ್ಟು ಕಂಡಿತು, ಆಮೇಲೆ ಕಾಣಲಿಲ್ಲ. ಲೋಟಗಳು ಉರುಳಿದ ಸದ್ದು ಮಾತ್ರ ಕೇಳಿಸಿತು.

ಕಣ್ಣು ಬಿಟ್ಟಾಗ ನನ್ನ ತಲೆ ನಾದಿನಿಯ ತೊಡೆಯ ಮೇಲಿತ್ತು. ಅವಳ ಹಸಿರು ಸೀರೆಯ ತುಂಬ ಚಹಾ. ಅತ್ತೆ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಿದ್ದರು. ಎದೆ ಇನ್ನೂ ಹಾಗೆಯೇ ಓಡುತ್ತಿತ್ತು. ಯಾರೋ ಎದೆಯ ಮೇಲೆ ಮೂಟೆ ಇಟ್ಟ ಹಾಗೆ ಉಸಿರು ಒಳಗೆ ಹೋಗುತ್ತಿರಲಿಲ್ಲ.

"ಈಗ ಆರಾಮಾತು ನೋಡು. ಒಂದೀಟು ಮಲಗಿದ್ರ ಸರಿಹೋಗತೈತಿ," ಎಂದು ಮಾವನವರು ಬಾಗಿಲಾಚೆಯಿಂದ ಹೇಳಿದರು. ಬಂದವರಿಗೆ ಕೇಳಿಸಲಿ ಎಂದು ಹೇಳಿದ್ದು. ನಾನೂ ಹೂಂ ಎಂದೆ. ಅದೇ ಆವತ್ತಿನ ದೊಡ್ಡ ಸುಳ್ಳು.

ನಾದಿನಿ ನನ್ನ ಎದೆಯ ಮೇಲೆ ಕೈ ಇಟ್ಟು ನೋಡಿದಳು. ತಲೆಯನ್ನು ಅತ್ತೆಯ ತೊಡೆಗೆ ಸರಿಸಿ, ಎದ್ದು ಪಡಸಾಲೆಗೆ ನಡೆದಳು. ಗಂಡಿನವರ ಮುಂದೆ ನಿಂತು, "ನಮ್ಮ ಅತ್ತಿಗಿ ಉಸಿರಾಡಾಕ ಒದ್ದಾಡಾಕತ್ಯಾಳ್ರಿ. ನಿಮ್ಮ ಕಾರು ಬೇಕಾಗಿತ್ರಿ," ಎಂದಳು.

ಹೆಣ್ಣು ತಲೆ ಎತ್ತಿ ಹಾಗೆ ಕೇಳಿದ್ದಕ್ಕೆ ಮಾವನವರು, "ಲೇ, ಒಳಗ ಹೋಗು," ಎಂದು ಗದರಿದರು. ಮೊದಲು ಎದ್ದವನು ಹುಡುಗ. ಅವನೇ ಹೊರಗೆ ಹೋಗಿ ಡ್ರೈವರನನ್ನು ಕೂಗಿದ. ಯಜಮಾನರು ನನ್ನನ್ನು ಎತ್ತಿಕೊಂಡರು. ನಾದಿನಿ ಚಪ್ಪಲಿಯನ್ನೂ ಹಾಕದೆ ಪಕ್ಕದಲ್ಲಿ ಬಂದು ಕೂತಳು. ನೋಡಲು ಬಂದವರು ಪಡಸಾಲೆಯಲ್ಲಿ, ನೋಡಿಸಿಕೊಳ್ಳಬೇಕಾದವಳು ಅವರದೇ ಕಾರಿನಲ್ಲಿ.

ಡಾಕ್ಟರು ಕೊಳವೆ ಎದೆಗಿಟ್ಟು ಬಹಳ ಹೊತ್ತು ಕೇಳಿದರು. ಒಂದು ಇಂಜೆಕ್ಷನ್ ಕೊಟ್ಟು, ನನ್ನನ್ನು ಕೂರಿಸಿಯೇ ಇರಿಸಲು ಹೇಳಿದರು. ಸಣ್ಣವಳಿದ್ದಾಗ ಜ್ವರ ಬಂದು ಕೀಲುಗಳು ಬಾತಿದ್ದವೇ ಎಂದು ಕೇಳಿದರು. ಬಾತಿದ್ದವು. ಹಡಗಲಿಯ ತವರುಮನೆಯಲ್ಲಿ ಅವ್ವ ಬೇವಿನ ಸೊಪ್ಪಿನ ಶಾಖ ಕೊಟ್ಟಿದ್ದಳು. ಆ ಜ್ವರವೇ ಎದೆಯ ಕವಾಟವನ್ನು ಕೆಡಿಸಿದೆ, ಬಳ್ಳಾರಿಯ ದೊಡ್ಡಾಸ್ಪತ್ರೆಗೇ ಹೋಗಬೇಕು, ಈಗಲೇ ಹೋಗಬೇಕು ಎಂದರು.

"ಎಷ್ಟು ದಿನದಿಂದ ಹಿಂಗಾಗತೈತಿ?"

ನಾನು ಹೇಳಿದೆ. ಹಿಂದಿನ ವಾರದ ಸಂಜೆಯನ್ನೂ ಹೇಳಿದೆ. ನಾದಿನಿ ನನ್ನನ್ನು ತಿರುಗಿ ನೋಡಿದಳು. ಡಾಕ್ಟರು ಸಿಟ್ಟಾದರು.

"ಎದಿ ಒಮ್ಮೆ ತಪ್ಪಿ ಬಡದು ತಾನ ಸರಿಹೋತು ಅಂದ್ರ, ಮರುದಿನ ಬಂದು ತೋರಿಸ್ರಿ. ಓಡೋದು ನಿಲ್ಲಲಿಲ್ಲ, ಉಸಿರು ಕಟ್ಟಿತು, ಎದಿ ನೋವು ಬಂತು, ಕಣ್ಣು ಕತ್ತಲಿಟ್ಟಿತು ಅಂದ್ರ ಆವಾಗ ಯಾರ ಮುಖಾನೂ ನೋಡಬಾರದು. ಒಲಿ ಮ್ಯಾಲೆ ಹಾಲು ಇದ್ರ ಉಕ್ಕಲಿ, ಬಿಟ್ಟು ಬರಬೇಕು."

ಅದೇ ಕಾರು ನನ್ನನ್ನು ಹೊಸಪೇಟೆ ದಾಟಿಸಿ ಬಳ್ಳಾರಿಗೆ ಒಯ್ದಿತು. ಗಂಡಿನವರು ಉಪ್ಪಿಟ್ಟು ತಿಂದು, ಬಸ್‌ ಸ್ಟ್ಯಾಂಡಿಗೆ ನಡೆದು, ನಿಂತುಕೊಂಡೇ ಹರಪನಹಳ್ಳಿಗೆ ಹೋದರಂತೆ. ಹುಡುಗನ ಅವ್ವನಿಗೆ ಅದು ಸೇರಲಿಲ್ಲ ಎಂದು ಆಮೇಲೆ ಸಂಬಂಧ ತಂದ ಮಧ್ಯಸ್ಥರು ಹೇಳಿದರು.

ಆಸ್ಪತ್ರೆಯಲ್ಲಿ ನಾನು ತಿಂಗಳ ಹತ್ತಿರ ಇದ್ದೆ. ಗುಳಿಗೆಗಳು ಎದೆಯನ್ನು ಒಂದು ಲಯಕ್ಕೆ ತಂದವು. ಇನ್ನು ಮೇಲೆ ತಪ್ಪದೆ ಇಂಜೆಕ್ಷನ್ ತೊಗೊಳ್ಳಬೇಕು, ಮತ್ತೊಂದು ಹೆರಿಗೆ ಬೇಡ ಎಂದರು. ಅಷ್ಟು ದಿನವೂ ಮನೆಯಲ್ಲಿ ನನ್ನ ಮಗುವನ್ನು ನೋಡಿಕೊಂಡವಳು ನಾದಿನಿ. ನಾನು ತಿರುಗಿ ಬಂದಾಗ ಮಗಳು ನನ್ನ ಕೈಗೆ ಬರದೆ ಅವಳ ಕುತ್ತಿಗೆ ತಬ್ಬಿಕೊಂಡಳು.

ಹರಪನಹಳ್ಳಿಯವರು ಒಲ್ಲೆ ಎಂದಿದ್ದರು. ನನ್ನ ಬೇನೆ ನಾದಿನಿಗೆ ಬರುವುದಲ್ಲ, ಅವಳದು ಬೇರೆ ರಕ್ತ ಎಂದು ಮಾವನವರು ಹೇಳಿ ಕಳಿಸಿದರು. ಹುಡುಗನ ಅವ್ವನ ಲೆಕ್ಕ ಬೇರೆ ಇತ್ತು. ಸೊಸೆ ಹಾಸಿಗೆ ಹಿಡಿದ ಮನೆ, ನಾಳೆ ಮಗಳು ಮಾತುಮಾತಿಗೆ ತವರಿಗೆ ಓಡುತ್ತಾಳೆ. ಮೇಲಾಗಿ ಗಂಡಸರ ಮುಂದೆ ಕಾರು ಕೇಳುವ ಹುಡುಗಿ. ಹುಡುಗ ಏನಂದನೋ ನಮಗೆ ತಿಳಿಯಲಿಲ್ಲ.

ಅತ್ತೆ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಅಜವಾನದ ಡಬ್ಬಿಯನ್ನು ಅಟ್ಟಕ್ಕೆ ಹಾಕಿಬಿಟ್ಟರು. ನನ್ನ ಪಾಲಿನ ನೀರಿನ ಕೊಡ ಅವರೇ ಹೊತ್ತು ತರುತ್ತಿದ್ದರು. ಬೇಡವೆಂದರೆ, "ನನಗ ಹೊಳಿಲಿಲ್ಲಲ್ಲ ಯವ್ವಾ," ಎನ್ನುತ್ತಿದ್ದರು. ಅವರು ತಮ್ಮ ಮೇಲೆ ಹಾಕಿಕೊಂಡ ತಪ್ಪೂ ನನ್ನ ಲೆಕ್ಕಕ್ಕೇ ಬಂದು ಕೂತಿತು. ದೀಪ ಹಚ್ಚುವ ತನಕ ಎದೆ ಬಿಡದಿದ್ದ ಆ ಸಂಜೆಯದನ್ನು ನಾನು ಅವರಿಗೂ ಹೇಳಿರಲಿಲ್ಲ.

ನಾದಿನಿಯನ್ನು ಎರಡು ವರ್ಷದ ಮೇಲೆ ಚಿಗಟೇರಿಯ ಒಂದು ಒಕ್ಕಲುತನದ ಮನೆಗೆ ಕೊಟ್ಟರು. ದೊಡ್ಡ ಮನೆ, ಬಹಳ ದನ, ಎರಡು ಹೊತ್ತು ರಾಶಿ ರೊಟ್ಟಿ. ಗಂಡ ಒಳ್ಳೆಯವನು, ಕಡಿಮೆ ಮಾತಿನವನು. ಟ್ರೇನಿಂಗಿನ ಮಾತು ಅಲ್ಲಿ ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಅವಳ ಮಗನಿಗೆ ಜವಳದ ಕೂದಲು ತೆಗೆಸುವಾಗ ನಾನು ಚಿಗಟೇರಿಗೆ ಹೋಗಿದ್ದೆ. ಮಧ್ಯಾಹ್ನ ಊಟ ಮುಗಿದು ಹಿತ್ತಲಲ್ಲಿ ಇಬ್ಬರೇ ಕೂತು ಜೋಳ ಹಸನು ಮಾಡುತ್ತಿದ್ದೆವು. ಎದುರಿನ ಶಾಲೆಯಿಂದ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತಿತ್ತು. ಅವಳು ಮೊರ ನಿಲ್ಲಿಸಿ ಆ ಕಡೆ ಕಿವಿಗೊಟ್ಟಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ನನ್ನಿಂದ ನಿನ್ನ ಬಾಳೇವು ಹಿಂಗಾತು," ಎಂದೆ.

"ಹುಚ್ಚಿ ಅದೀ ಏನು ಅತ್ತಿಗಿ? ನೀ ಅಲ್ಲೆ ಸತ್ತು, ನಾ ಆ ಮನಿಗೆ ನಡದಿದ್ರ ಅನ್ನ ಇಳೀತಿತ್ತಾ ನನಗ? ಕಾರು ಕೇಳಿದ್ದಕ್ಕ ನಾ ಒಂದು ದಿನಾನೂ ಮರುಗಿಲ್ಲ."

ನಾನು ಅಳತೊಡಗಿದೆ. ಅವಳು ಮೊರ ಕೆಳಗಿಟ್ಟಳು. ನನ್ನ ಮುಖ ನೋಡದೆಯೇ ಹೇಳಿದಳು.

"ಆದ್ರ ಹಿಂದಿನ ವಾರ ಹೇಳಬೇಕಿತ್ತು ನೋಡು ನೀನು. ಆವತ್ತ ಹೇಳಿದ್ರ ಆವತ್ತ ದವಾಖಾನಿಗೆ ಹೋಗ್ತಿದ್ವಿ. ನನಗರ ಹೇಳಬೇಕಿತ್ತು."

ನಿನಗೋಸ್ಕರ ಮುಚ್ಚಿಟ್ಟೆ ಎನ್ನುವ ಮಾತು ಬಾಯಿಯ ತನಕ ಬಂತು. ಆ ಮಾತು ಆಡಿದರೆ ಭಾರ ಅವಳ ಮೇಲೆ ಬೀಳುತ್ತದೆ ಎಂದು ನುಂಗಿಕೊಂಡೆ. ಒಳಗೆ ಮಗು ಎದ್ದು ಅತ್ತಿತು. ಅವಳು ಸೆರಗು ಕೊಡವಿ ಎದ್ದು ಹೋದಳು. ಉಳಿದ ಜೋಳವನ್ನು ನಾನೊಬ್ಬಳೇ ಕೂತು ಹಸನು ಮಾಡಿದೆ.